ಮುಪ್ಪಿಗೊಂದು ಸೂರು: ನಮ್ಮ ಸೀಮೆಯ ಬಡ ವೃದ್ಧರ ಮನೆಯ ಚರಿತ್ರೆ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಮೊದಲು ಬರೆಯಹೊರಟದ್ದು ಸಂಘದ ಚರಿತ್ರೆಯನ್ನೇ. ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಯಾರ ಅಧ್ಯಕ್ಷತೆಯಲ್ಲಿ ಕಟ್ಟಡಕ್ಕೆ ಪಾಯ ಬಿತ್ತು ಎಂಬುದನ್ನೆಲ್ಲ. ಆದರೆ ಅದು ಆಡಳಿತ ವರದಿಯಲ್ಲಿ ಲೆಕ್ಕಸಮೇತ ಇದ್ದೇ ಇದೆ. ಕಳೆದ ಸರ್ವ ಸದಸ್ಯರ ಸಭೆಯಲ್ಲಿ ನಮ್ಮ ಪತ್ತಿನ ಸಂಘದ ಹೊಸ ಕಟ್ಟಡದ ವಿಷಯ ಓದಿ, ಎಲ್ಲರೂ ಚಪ್ಪಾಳೆ ತಟ್ಟಿ ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತರು. "ಸಂಘಕ್ಕೇನೋ ಮನೆ ಆಯ್ತು ಕಣ್ರಪ್ಪ, ಒಳ್ಳೇದೇ ಆಯ್ತು. ನಮ್ಮಂಥ ಮುದುಕ್ರು ಎಲ್ಲಿರ್ಬೇಕು ಅಂತ ಏನಾರ ಬರ್ದಿದ್ದೀರಾ ಅದ್ರಲ್ಲಿ?" ಎಂದರು. ಸಭೆಯಲ್ಲಿ ಕೆಲವರು ನಕ್ಕರು. ಕಾರ್ಯದರ್ಶಿಗಳು ಮುಂದಿನ ವಿಷಯಕ್ಕೆ ಹೋದರು. ನಮಗೆ ಮಾತ್ರ ಆ ಮಾತು ಮನೆತನಕ ಬಂತು. ಆದ್ದರಿಂದ ಈ ಲೇಖನ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿಂದೆ ವೃದ್ಧರಿಗೆ ಬೇರೆ ಮನೆ ಎಂಬ ಮಾತೇ ಇರಲಿಲ್ಲ. ಉಳ್ಳವರ ತೊಟ್ಟಿ ಮನೆಯಲ್ಲಿ ತಾತನಿಗೆ ಜಗಲಿ, ಅಜ್ಜಿಗೆ ಅಡುಗೆಮನೆ ಪಕ್ಕದ ಮೂಲೆ ಎಂದು ಜಾಗ ಗೊತ್ತಾಗಿರುತ್ತಿತ್ತು. ಜಗಲಿ ಎಂದರೆ ತಾತ್ಸಾರದ ಜಾಗವಲ್ಲ. ಹೋಗಿ ಬರುವವರನ್ನು ವಿಚಾರಿಸುವುದು, ನ್ಯಾಯ ಹೇಳುವುದು, ರಾಗಿ ಕಾಯುವುದು ಎಲ್ಲ ಅಲ್ಲಿಂದಲೇ. ಆದರೆ ಇಲ್ಲದವರ ಮಾತು ಬೇರೆ. ಹುಲ್ಲಿನದೋ ತೆಂಗಿನ ಗರಿಯದೋ ಗುಡಿಸಲು, ಅದೂ ಬಹಳ ಕಡೆ ಜಮೀನಿನ ಒಡೆಯರ ನೆಲದಲ್ಲಿ. ಜೀತಕ್ಕಿದ್ದವನಿಗೆ ಮೈಯಲ್ಲಿ ಕಸುವಿರುವತನಕ ಗುಡಿಸಲು. ಕಸುವು ಹೋದ ಮೇಲೆ ಮಗ ಅದೇ ಒಡೆಯರ ಹತ್ತಿರ ಜೀತಕ್ಕೆ ನಿಂತರೆ ಮಾತ್ರ ಅಪ್ಪನಿಗೆ ಸೂರು ಉಳಿಯುತ್ತಿತ್ತು. ಹಾಗಾಗಿ ನಮ್ಮ ಸೀಮೆಯಲ್ಲಿ ಬಡವರ ಮುಪ್ಪಿನ ಮನೆಯ ಪ್ರಶ್ನೆ ಮೂಲದಲ್ಲಿ ನಿವೇಶನದ ಪ್ರಶ್ನೆ. ಇದನ್ನು ಮರೆತರೆ ಮುಂದಿನ ಯಾವ ಯೋಜನೆಯೂ ಅರ್ಥವಾಗುವುದಿಲ್ಲ.

ಇಲ್ಲೊಂದು ಮಾತು ಹೇಳದಿದ್ದರೆ ರೇಷ್ಮೆ ಸೀಮೆಯವರಾದ ನಮಗೆ ಸಮಾಧಾನವಿಲ್ಲ. ಹುಳ ಹಣ್ಣಾಗುವ ದಿನಗಳಲ್ಲಿ ನಮ್ಮ ಮನೆಗಳ ಒಳ್ಳೆಯ ಕೋಣೆ ಯಾರದು? ಹುಳದ್ದು. ಗಾಳಿ, ಬೆಚ್ಚಗೆ, ಚೊಕ್ಕಟ ಎಲ್ಲ ಅದಕ್ಕೆ. ಹಾಸಿಗೆ ಸುತ್ತಿಕೊಂಡು ಹೊರಗೆ ಬರುವವರು ಅಜ್ಜಿ ತಾತಂದಿರು. ಆಮೇಲೆ ರೇಷ್ಮೆ ಇಲಾಖೆ ಹುಳು ಸಾಕುವ ಮನೆ ಕಟ್ಟಲು ಸಹಾಯಧನ ಕೊಟ್ಟಿತು, ಹುಳ ಬೇರೆ ಮನೆಗೆ ಹೋಯಿತು. ಹುಳಕ್ಕೂ ಸಬ್ಸಿಡಿ ಮನೆ ಬಂತು, ನನಗೆ ಯಾವಾಗ ಬರ್ತದೋ ಎಂದು ನಮ್ಮೂರಿನ ತಾತನೊಬ್ಬರು ತಮಾಷೆ ಮಾಡುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು.

ಸರ್ಕಾರದ ಮನೆ ಎಂಬುದು ನಮ್ಮ ಕಡೆ ಕಣ್ಣಿಗೆ ಕಂಡದ್ದು 1970ರ ದಶಕದಲ್ಲಿ. ಡಿ. ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಗಳಾದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, 1976ರಲ್ಲಿ ಜೀತ ನಿರ್ಮೂಲನದ ಕಾನೂನು ಆಯಿತು. ಅದೇ ಕಾಲದಲ್ಲಿ ಭೂರಹಿತರಿಗೆ ಉಚಿತ ನಿವೇಶನ, ಅದರ ಮೇಲೆ ಜನತಾ ಮನೆ. ಇವತ್ತಿಗೂ ಊರಿನ ಅಂಚಿನಲ್ಲಿ 'ಜನತಾ ಕಾಲೊನಿ' ಎಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತು. ಒಂದು ಕೋಣೆ, ಒಂದು ಬಾಗಿಲು, ಒಂದು ಕಿಟಕಿ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲವಾಗಿ ಅನೇಕ ಕಡೆ ಗೋಡೆಯೂ ಕಲ್ಲು, ಮಾಡೂ ಕಲ್ಲು ಚಪ್ಪಡಿ. ಸುಮಾರು 250 ಕೋಟಿ ವರ್ಷದ ನಮ್ಮ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಅದು ರಾಮನಗರದ ಹಳೆಯ ಹೆಸರು.

ಈ ಕಲ್ಲು ಮನೆಯ ಗುಣ ದೋಷ ಎರಡನ್ನೂ ಹೇಳಬೇಕು. ಬೆಂಕಿ ಬಿದ್ದರೆ ಸುಡುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಐವತ್ತು ವರ್ಷವಾದರೂ ಕುಸಿದಿಲ್ಲ. ಆದರೆ ಚೈತ್ರ ವೈಶಾಖದಲ್ಲಿ ಹಗಲೆಲ್ಲ ಕಾದ ಚಪ್ಪಡಿ ರಾತ್ರಿ ಹನ್ನೆರಡರತನಕ ಝಳ ಬಿಡುತ್ತದೆ, ಮಾಗಿಯ ಚಳಿಯಲ್ಲಿ ನೆಲ ಗೋಡೆ ಎರಡೂ ಕೊರೆಯುತ್ತವೆ. ಚಪ್ಪಡಿಗಳ ಸಂದಿನ ಗಾರೆ ಬಿಟ್ಟರೆ ಮಳೆ ನೀರು ನೇರ ಹಾಸಿಗೆಗೆ. ಮೂವತ್ತು ವರ್ಷದ ಗಂಡ ಹೆಂಡತಿಗೆ ಇದೆಲ್ಲ ಲೆಕ್ಕಕ್ಕಿರಲಿಲ್ಲ. ಎಂಬತ್ತು ದಾಟಿದ ಮಂಡಿಗೆ ಲೆಕ್ಕವಿದೆ. ಜನತಾ ಮನೆಯನ್ನು ವೃದ್ಧರಿಗೆಂದು ಯಾರೂ ಕಟ್ಟಲಿಲ್ಲ. ಅಂದು ಹಕ್ಕುಪತ್ರ ಪಡೆದ ಯುವಕ ಯುವತಿಯರೇ ಇಂದಿನ ವೃದ್ಧರು. ಮನೆಗೂ ಅವರಿಗೂ ಒಟ್ಟಿಗೇ ವಯಸ್ಸಾಯಿತು.

ಅರಸು ಅವರ ನಂತರ ಬಂದ ಯೋಜನೆಗಳ ಹೆಸರು ಒಂದೇ ಎರಡೇ. ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆ 1985ರಲ್ಲಿ ಬೇರೊಂದು ಉದ್ಯೋಗ ಯೋಜನೆಯ ಅಂಗವಾಗಿ ಶುರುವಾಗಿ, 1996ರ ಜನವರಿಯಿಂದ ಸ್ವತಂತ್ರ ಯೋಜನೆಯಾಯಿತು. ಎಸ್. ಬಂಗಾರಪ್ಪನವರ ಸರ್ಕಾರ 1991-92ರಲ್ಲಿ ಆಶ್ರಯ ಯೋಜನೆ ತಂದಿತು. ಊರೂರಲ್ಲಿ 'ಆಶ್ರಯ ಮನೆ' ಎಂಬ ಮಾತು ಎಷ್ಟು ಬೇರೂರಿತೆಂದರೆ ಮುಂದೆ ಬೇರೆ ಹೆಸರಿನ ಮನೆ ಬಂದರೂ ಜನ ಅದನ್ನು ಆಶ್ರಯ ಎಂದೇ ಕರೆದರು. ಅದೇ ಸರ್ಕಾರದ 'ವಿಶ್ವ' ಯೋಜನೆ ಮತ್ತು ನೆದರ್ಲೆಂಡ್ಸ್ ಸರ್ಕಾರದ ನೆರವು ಚನ್ನಪಟ್ಟಣದ ಅರಗಿನ ಬೊಂಬೆ ಕುಶಲಕರ್ಮಿಗಳಿಗೂ ದೊರೆಯಿತು. ಆಲೆಮರದ ತುಂಡನ್ನು ಚರಕಿಗೆ ಕೊಟ್ಟು ಅರಗು ಹಚ್ಚುವ ಕೆಲಸದವರಿಗೆ ಮನೆಯೂ ಕೆಲಸದ ಜಾಗವೂ ಒಂದೇ ಕಡೆ ಇರುವುದು ಮುಪ್ಪಿನಲ್ಲಿ ದೊಡ್ಡ ಅನುಕೂಲ. ಬಸ್ಸು ಹತ್ತಲಾಗದ ಕೈಯೂ ಕೂತಲ್ಲೇ ನಾಲ್ಕು ಬೊಂಬೆ ತಿರುವಬಲ್ಲುದು. ಮನೆ ಕೊಡುವವರು ಹೊಟ್ಟೆಪಾಡನ್ನೂ ನೋಡಿ ಕೊಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಿಲ್ಲ.

2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಗಿ ರಾಜ್ಯದ ವಸತಿ ಯೋಜನೆಗಳೆಲ್ಲ ಅದರಡಿಗೆ ಬಂದವು. ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಿಧವೆಯರು ಅಂಗವಿಕಲರು ಮುಂತಾದ ವಿಶೇಷ ವರ್ಗಕ್ಕೆ ದೇವರಾಜ ಅರಸು ವಸತಿ ಯೋಜನೆ ಎಂದು ಹೆಸರುಗಳು. ನಮ್ಮ ಓದುಗರಿಗೆ ಇವೆಲ್ಲ ಬಾಯಿಪಾಠ, ಅರ್ಜಿ ಹಾಕಿ ಹಾಕಿ.

ನಮ್ಮ ಜಿಲ್ಲೆಯ ಮಟ್ಟಿಗೆ 2007 ಒಂದು ವಿಚಿತ್ರ ವರ್ಷ. ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 65 ದಾಟಿದ ಬಡವರಿಗೆ ತಿಂಗಳಿಗೆ 400 ರೂಪಾಯಿಯ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಹುಟ್ಟಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟು ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಮಾಡಿತು. ಅದುವರೆಗೆ ಸಾತನೂರು ಕಡೆಯ ಮುದುಕಿಗೆ ಜಿಲ್ಲಾಧಿಕಾರಿಗಳ ಕಚೇರಿ ಎಂದರೆ ಬೆಂಗಳೂರು. ಒಂದು ದಿನದ ಕೂಲಿ, ಬಸ್ ಚಾರ್ಜು, ಸಂಜೆ ಬರಿಗೈ. ಜಿಲ್ಲೆ ಹತ್ತಿರ ಬಂದದ್ದು ಸಣ್ಣ ಮಾತಲ್ಲ. (ಹಾರೋಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು. 2025ರಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣ ಎಂದಾಯಿತು. ಹಳಬರ ಬಾಯಲ್ಲಿ ಮಾತ್ರ ರಾಮನಗರವೇ.) ಸಂಧ್ಯಾ ಸುರಕ್ಷಾ ಮೊತ್ತ ಏರುತ್ತಾ 2021ರಲ್ಲಿ 1,200 ಆಯಿತು. ಪಿಂಚಣಿ ಬಂದದ್ದರಿಂದ ಮನೆಯಲ್ಲಿ ವೃದ್ಧರಿಗೆ ಮಾತಿನ ಬೆಲೆ ಬಂತು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ರಾಮನಗರ, ಬಿಡದಿಯಂಥ ಕಡೆ ಆ ದುಡ್ಡಿಗೆ ಬಾಡಿಗೆ ಕೋಣೆ ಸಿಗುವ ಮಾತಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ರಸ್ತೆ ಉದ್ಘಾಟನೆಯಾದ ಮೇಲೆ ಸೈಟಿನ ಬೆಲೆಯ ಮಾತೆತ್ತುವುದೇ ಬೇಡ.

ಇನ್ನು ಇಂದಿರಾ ಆವಾಸ್ ಲೆಕ್ಕ. ಬಯಲು ಸೀಮೆಯ ಒಂದು ಮನೆಗೆ 2004ರಲ್ಲಿ ಸಹಾಯಧನ 25,000 ರೂಪಾಯಿ. 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000. 2016ರಲ್ಲಿ ಯೋಜನೆ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಎಂದಾದಾಗ 1,20,000. ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ. ಅದರ ಜೊತೆಗೆ ಶೌಚಾಲಯಕ್ಕೆ 12,000, ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ ಎಂದು ಸೇರಿಸಿದ್ದರು. 2016ರ ನಂತರ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಎಲ್ಲದರ ಬೆಲೆ ಏರಿತು. ಸಹಾಯಧನ ಮಾತ್ರ ಅಲ್ಲೇ ನಿಂತಿದೆ.

ಈ ಯೋಜನೆಯಲ್ಲಿ ವೃದ್ಧರ ಪರವಾಗಿ ಒಂದು ಒಳ್ಳೆಯ ನಿಯಮ ಸೇರಿಕೊಂಡಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಿಂದ ಫಲಾನುಭವಿಗಳನ್ನು ಆರಿಸುವಾಗ, 16ರಿಂದ 59 ವಯಸ್ಸಿನ ಒಬ್ಬರೂ ಇಲ್ಲದ ಕುಟುಂಬವನ್ನು ಹೆಚ್ಚು ಸಂಕಷ್ಟದ್ದೆಂದು ಗಣಿಸಿ ಮುಂದಕ್ಕೆ ತರಬೇಕು. ಒಂಟಿ ಮುದುಕಿ, ಮುದುಕ ದಂಪತಿ ಈ ಲೆಕ್ಕದಲ್ಲಿ ಮೇಲೆ ಬರಬೇಕಾದವರೇ. ಮತ್ತೆ ಬರಲಿಲ್ಲವೇಕೆ? ಕಾರಣ ನಮ್ಮ ರೇಷನ್ ಕಾರ್ಡು. ಮಗ ಸೊಸೆ ಬೆಂಗಳೂರಿನಲ್ಲಿದ್ದರೂ ಹೆಸರು ಊರಿನ ಕಾರ್ಡಿನಲ್ಲಿ. ಕಾಗದದ ಮೇಲೆ ಅಜ್ಜಿ ಒಂಟಿಯಲ್ಲ, ದುಡಿಯುವ ಮಗನ ಕುಟುಂಬದವರು. ಎರಡನೆಯದು ನಿವೇಶನ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ದುಡ್ಡು ಕಂತಿನಲ್ಲಿ ಬರುತ್ತದೆ. ಪಾಯ ಹಾಕಿ ಫೋಟೋ ತೆಗೆಸಿದರೆ ಒಂದು ಕಂತು, ಗೋಡೆ ಎಬ್ಬಿಸಿದರೆ ಮತ್ತೊಂದು. ಮೊದಲು ಕೈಯಿಂದ ಹಾಕು, ಆಮೇಲೆ ಪಡೆ. ಎಪ್ಪತ್ತೈದರ ವಿಧವೆಗೆ ಕೈಯಿಂದ ಹಾಕಲು ಎಲ್ಲಿಂದ ಬರಬೇಕು, ಗಾರೆಯವರ ಹಿಂದೆ ಓಡಾಡುವವರು ಯಾರು?

ಅಲ್ಲಿಗೆ ಸಹಕಾರ ಸಂಘ ಬರಬೇಕಾಗಿತ್ತು. ಬಂದೆವೇ? ಸಭೆಯಲ್ಲಿ ಎದ್ದು ನಿಂತ ಅಜ್ಜಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಹೆಸರು ಬೇಡವೆಂದಿದ್ದಾರೆ. ಅವರೂ ಅವರ ಯಜಮಾನರೂ ಅರಸು ಅವರ ಕಾಲದಲ್ಲಿ ಜನತಾ ಮನೆ ಪಡೆದವರು. ಯಜಮಾನರು ತೀರಿಕೊಂಡ ಕೆಲವು ವರ್ಷಕ್ಕೆ, ಸುಮಾರು 2010ರಲ್ಲಿ, ಚಪ್ಪಡಿ ಸಂದು ಬಿಟ್ಟು ಮನೆ ಸೋರತೊಡಗಿತು. ರಿಪೇರಿಗೆ 20,000 ಸಾಲ ಕೇಳಿ ನಮ್ಮ ಸಂಘಕ್ಕೆ ಅರ್ಜಿ ಹಾಕಿದರು. ಅವರು ಷೇರುದಾರರು, ಒಂದು ದಿನವೂ ಸುಸ್ತಿದಾರರಾದವರಲ್ಲ. ಆದರೆ ಜಾಮೀನಿಗೆ ಇಬ್ಬರು ಬೇಕು. ವಯಸ್ಸಾದವರಿಗೆ ಜಾಮೀನು ನಿಲ್ಲುವವರು ಯಾರು? ಆ ತಿಂಗಳ ನಡವಳಿ ಪುಸ್ತಕವನ್ನು ನಾವು ಮೊನ್ನೆ ತೆಗೆದು ನೋಡಿದೆವು. 'ಅರ್ಜಿದಾರರ ವಯಸ್ಸು ಹಾಗೂ ಜಾಮೀನು ಕೊರತೆಯ ಕಾರಣ ಅರ್ಜಿಯನ್ನು ತಿರಸ್ಕರಿಸಲು ತೀರ್ಮಾನಿಸಲಾಯಿತು' ಎಂದು ಒಂದೂವರೆ ಸಾಲು. ಕೆಳಗಿನ ಸಹಿಗಳಲ್ಲಿ ಈ ಲೇಖನ ಬರೆಯುತ್ತಿರುವ ನಮ್ಮ ಸಹಿಯೂ ಇದೆ.

ಆಮೇಲೆ ಆದದ್ದು ಹೀಗೆ. ಮಗ, "ನನ್ನ ಹೆಸರಿಗೆ ಮಾಡ್ಕೊಡವ್ವ, ನಾನು ಸಾಲ ಎತ್ತಿ ರಿಪೇರಿ ಮಾಡುಸ್ತೀನಿ" ಎಂದ. ಅಜ್ಜಿ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮಗ ಕೆಟ್ಟವನೇನಲ್ಲ, ರಿಪೇರಿಯನ್ನೂ ಮಾಡಿಸಿದ. ಆದರೆ ಮುಂದೆ ಹೆಂಡತಿಯ ಆಸ್ಪತ್ರೆ ಖರ್ಚಿಗೆ ಸಿಕ್ಕಿಕೊಂಡು ಮನೆಯನ್ನು ಭೋಗ್ಯಕ್ಕೆ ಹಾಕಿ ಬೆಂಗಳೂರು ಸೇರಿದ. ಅಜ್ಜಿ ತಮ್ಮನ ಮನೆ ಹಿಂದಿನ ಸೌದೆ ಕೊಟ್ಟಿಗೆಗೆ ಬಂದರು. ಅಲ್ಲೇ ಇದ್ದಾರೆ.

2007ರ ಕಾಯಿದೆ ಇಂಥವರಿಗೇ ಮಾಡಿದ್ದು. ಅದರ 23ನೇ ಕಲಮಿನ ಪ್ರಕಾರ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳೇ ನ್ಯಾಯಮಂಡಳಿಯ ಅಧ್ಯಕ್ಷರು. ಆದರೆ ಷರತ್ತು ಇರಬೇಕು. ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಈ ಕಾಯಿದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥ ಮಾಡಬೇಕೆಂದು ಹೇಳಿ ಆಸ್ತಿಯನ್ನು ತಾಯಿಗೆ ವಾಪಸು ಕೊಡಿಸಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ನಮ್ಮ ಅಜ್ಜಿಯ ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದಿದೆಯೇ ಹೊರತು ಷರತ್ತಿನ ಮಾತೇ ಇಲ್ಲ. ಪತ್ರ ಬರೆಯಿಸುವವರು ಈ ಒಂದು ಸಾಲನ್ನು ಮರೆಯಬಾರದು: ದಾನ ಪಡೆದವರು ದಾನಿಯನ್ನು ಜೀವಿತಾವಧಿ ಪೋಷಿಸತಕ್ಕದ್ದು, ದಾನಿಗೆ ಅದೇ ಮನೆಯಲ್ಲಿ ವಾಸದ ಹಕ್ಕು ಇರತಕ್ಕದ್ದು. ಸಾಧ್ಯವಾದರೆ ದಾನಪತ್ರವನ್ನೇ ಮಾಡದಿರುವುದು ಇನ್ನೂ ಮೇಲು. ಬದುಕಿರುವತನಕ ತಮ್ಮ ಹೆಸರಲ್ಲೇ ಇರಲಿ, ಉಯಿಲು ಬರೆದರೆ ಸಾಕು.

ಷರತ್ತಿದ್ದರೂ ಅಜ್ಜಿ ಹೋಗುತ್ತಿದ್ದರೇ ಎಂಬುದು ಅನುಮಾನ. ಉಪವಿಭಾಗಾಧಿಕಾರಿಗಳ ಕಚೇರಿಗೆ ನಾವೇ ಕರೆದುಕೊಂಡು ಹೋಗುತ್ತೇವೆ, ತಿಂಗಳಿಗೆ ಇಷ್ಟೆಂದು ಮಗ ಕೊಡುವಂತೆಯೂ ಅವರು ಆಜ್ಞೆ ಮಾಡಬಹುದು ಎಂದಾಗ ಅವರು ಹೇಳಿದ್ದು: "ಹೆತ್ತ ಮಗನ ಮ್ಯಾಲೆ ಕಂಪ್ಲೇಂಟ್ ಕೊಟ್ಟು ನಾನು ಯಾವ ಮನೇಲಿ ನೆಮ್ದಿಯಾಗಿ ಮಲಗ್ಲಿ ಮಗ?" ಇದಕ್ಕೆ ಕಾನೂನು ಪುಸ್ತಕದಲ್ಲಿ ಉತ್ತರವಿಲ್ಲ.

ವೃದ್ಧಾಶ್ರಮ ಇಲ್ಲವೇ ಎಂದು ಕೇಳುವವರುಂಟು. ಬೆಂಗಳೂರಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಸ್ಥೆ 1900ರಷ್ಟು ಹಿಂದೆಯೇ ಬಡ ವೃದ್ಧರ ಮನೆ ತೆರೆಯಿತು. 2007ರ ಕಾಯಿದೆಯ 19ನೇ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದಾದರೂ ವೃದ್ಧಾಶ್ರಮದ ಮಾತು ಆಡುತ್ತದೆ, 'ಸ್ಥಾಪಿಸಬಹುದು' ಎಂಬ ಧಾಟಿಯಲ್ಲಿ. ಯಾರೂ ಇಲ್ಲದವರಿಗೆ ಅದು ಬೇಕೇ ಬೇಕು. ಆದರೆ ನಮ್ಮೂರಿನವರಲ್ಲಿ ನಾವು ವಿಚಾರಿಸಿದ ಹತ್ತಾರು ಹಿರಿಯರಲ್ಲಿ ಒಬ್ಬರೂ ಊರು ಬಿಟ್ಟು ಹೋಗಲು ಒಪ್ಪಲಿಲ್ಲ. ಅವರು ಕೇಳುವುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಹತ್ತಿರ ಕಕ್ಕಸು, ಮಾರಮ್ಮನ ಹಬ್ಬದ ತಮಟೆ ಕೇಳುವಷ್ಟು ದೂರ. ಪಟ್ಟಣದವರ ಮಾತು ಸ್ವಲ್ಪ ಬೇರೆ. 2015ರಲ್ಲಿ ಶುರುವಾದ ನಗರ ಆವಾಸ್ ಯೋಜನೆಯಲ್ಲಿ ಬಹುಮಹಡಿ ಮನೆ ಹಂಚುವಾಗ ನೆಲ ಅಂತಸ್ತಿನಲ್ಲಿ ಹಿರಿಯರಿಗೂ ಅಂಗವಿಕಲರಿಗೂ ಆದ್ಯತೆ ಕೊಡಬೇಕೆಂದಿದೆ. ನಗರಸಭೆ, ಪುರಸಭೆ ವ್ಯಾಪ್ತಿಯ ಸದಸ್ಯರು ಇದನ್ನು ಕೇಳಿ ಪಡೆಯಬೇಕು, ಕೇಳದಿದ್ದರೆ ಮೂರನೇ ಮಹಡಿ ಗ್ಯಾರಂಟಿ.

ಸಭೆಯ ನಂತರ ಏನಾಯಿತೆಂದರೆ, ಆಡಳಿತ ಮಂಡಳಿಯಲ್ಲಿ ಎರಡು ಸಲ ಜೋರು ಚರ್ಚೆಯಾಯಿತು. ಸಂಘ ಧರ್ಮಛತ್ರವಲ್ಲ, ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಊರೆಲ್ಲ ಬರುತ್ತದೆ ಎಂದವರಿದ್ದರು. ಅವರ ಮಾತೂ ಸುಳ್ಳಲ್ಲ, ಠೇವಣಿದಾರರ ದುಡ್ಡು ಅದು. ಕೊನೆಗೆ ಆದ ತೀರ್ಮಾನ ಎರಡು. 65 ದಾಟಿದ ಸದಸ್ಯರಿಗೆ ವಾಸದ ಮನೆ ರಿಪೇರಿಗೆ, ಇಬ್ಬರು ಜಾಮೀನುದಾರರ ಬದಲು ಅವರ ಸ್ವಸಹಾಯ ಗುಂಪಿನ ಒಪ್ಪಿಗೆ ಪತ್ರದ ಮೇಲೆ ಸಣ್ಣ ಸಾಲ. ಸರ್ಕಾರದ ಮನೆ ಮಂಜೂರಾದ ಹಿರಿಯರಿಗೆ, ಮಂಜೂರಾತಿ ಪತ್ರ ನೋಡಿ, ಮೊದಲ ಕಂತು ಬರುವತನಕ ಪಾಯದ ಖರ್ಚಿಗೆ ಕೈಗಡ. ಗಾರೆಯವರ ಹತ್ತಿರ ಮಾತಾಡಿ ಕೆಲಸ ನೋಡಿಕೊಳ್ಳಲು ಇಬ್ಬರು ನಿರ್ದೇಶಕರು. ಬೈಲಾ ತಿದ್ದುಪಡಿ ಈ ಬೆಳ್ಳಿ ಹಬ್ಬದ ವರ್ಷದ ಸರ್ವ ಸದಸ್ಯರ ಸಭೆಯ ಮುಂದೆ ಬರಲಿದೆ. ಸದಸ್ಯ ಬಂಧುಗಳು ದಯವಿಟ್ಟು ಕಾಫಿ ಕುಡಿದು ಎದ್ದು ಹೋಗದೆ ಆ ವಿಷಯ ಬರುವವರೆಗೆ ಕೂತಿರಬೇಕು, ಕೋರಂ ಬೇಕು.

ಅಜ್ಜಿಯ ವಿಷಯ. ಹೊಸ ಆವಾಸ್ ಪಟ್ಟಿಗೆ ಸರ್ವೆ ಬಂದಾಗ ಮೊಬೈಲಿನಲ್ಲಿ ಅವರ ಮುಖದ ಫೋಟೋ ತೆಗೆದು ಹೆಸರು ಸೇರಿಸಿದ್ದಾರೆ. ಅದಕ್ಕೆ ಮೊದಲು ರೇಷನ್ ಕಾರ್ಡು ಬೇರೆ ಮಾಡಿಸಿದೆವು. ಆದರೆ ನಿವೇಶನವಿಲ್ಲದೆ ಮನೆ ಮಂಜೂರಾಗುವುದು ಯಾವಾಗಲೋ. ಅದಕ್ಕೆ ಕಾಯದೆ ಮಗನನ್ನು ಕರೆಸಿ ಕೂರಿಸಿ ಮಾತಾಡಿದೆವು. ಭೋಗ್ಯದ ಹಣದಲ್ಲಿ ಅರ್ಧ ಅವನು ತರುತ್ತೇನೆಂದ, ಉಳಿದದ್ದು ಅವನ ಹೆಸರಿಗೇ ಸಂಘದ ಸಾಲ, ಜಾಮೀನಿಗೆ 2010ರ ಆ ನಡವಳಿಗೆ ಸಹಿ ಹಾಕಿದವರಲ್ಲಿ ಇಬ್ಬರು. ತಾಯಿಗೆ ಜೀವಿತಾವಧಿ ವಾಸದ ಹಕ್ಕನ್ನು ನೋಂದಣಿ ಮಾಡಿಸಿಕೊಡಲು ಒಪ್ಪಿದ್ದಾನೆ. ಭೋಗ್ಯದಾರರು ಮಕ್ಕಳ ಪರೀಕ್ಷೆ ಮುಗಿದು ಯುಗಾದಿ ಕಳೆದ ಮೇಲೆ ಬಿಟ್ಟುಕೊಡುತ್ತೇವೆಂದಿದ್ದಾರೆ. ಚಪ್ಪಡಿ ಸಂದು ಮತ್ತೆ ಬಿಟ್ಟಿದೆ. ಮುಂಗಾರಿಗೆ ಮೊದಲು ಮುಚ್ಚಿಕೊಡಲು ಗಾರೆಯವರಿಗೆ ಹೇಳಿದ್ದೇವೆ. ಕಕ್ಕಸಿನ ಮೆಟ್ಟಿಲು ಎತ್ತರವಾಯಿತೆಂದು ಅಜ್ಜಿ ಹೇಳಿ ಕಳಿಸಿದ್ದಾರೆ, ಅದನ್ನೂ ಒಂದಿಷ್ಟು ತಗ್ಗಿಸಬೇಕು.